ಜಿಗಿತ ತಾಳದ ಜಾಕೆಟ್ಟು

ಎಂಬತ್ತೇಳು, ಎಂಬತ್ತೆಂಟು... ಎಂಬತ್ತೊಂಬತ್ತನೇ ಸಲ ಹಗ್ಗ ಕಾಲ ಕೆಳಗೆ ಹಾದಾಗ ಬೆನ್ನ ಮೇಲಿನ ಜಾಕೆಟ್ಟು ‘ಟಕ್’ ಎಂದಿತು. ಆಮೇಲೆ ‘ಕರ್ರ್’ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಮಿಡತೆ ಹಗ್ಗ ಕೈಬಿಟ್ಟಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಒಂದು ಕಡೆ ನಿಂತು ಗೊತ್ತಿಲ್ಲದ ಹುಡುಗಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಇದು.

ಜಾಕೆಟ್ಟು ಚಿಕ್ಕಮ್ಮನದು. ಅದರ ಬೆನ್ನಿನ ಜೇಬಿನಲ್ಲಿ ಒಂದು ಕಂಪ್ಯೂಟರ್, ಮುಂಗೈಗೆ ಕಟ್ಟಿಕೊಳ್ಳಲು ಪುಟ್ಟ ಸ್ಕ್ರೀನು. ಗೋದಾಮಿನಲ್ಲಿ ಎರಡೂ ಕೈಯಲ್ಲಿ ಪೆಟ್ಟಿಗೆ ಹೊರುವವರಿಗೆ ಯಾವುದನ್ನು ಎಲ್ಲಿಡಬೇಕೆಂದು ತೋರಿಸಲು ಚಿಕ್ಕಮ್ಮ ಮೂರು ತಿಂಗಳು ಕೂತು ಮಾಡಿದ್ದಳು. ನಾಳೆ ಬೆಳಗ್ಗೆ ಗೋದಾಮಿನ ಮ್ಯಾನೇಜರಿಗೆ ತೋರಿಸಬೇಕಿತ್ತು.

“ಅದನ್ನ ಮುಟ್ಟಿದ್ರೆ ನೋಡು!” ಎಂದು ಹೇಳಿಯೇ ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಳು. ಮಿಡತೆ ಮುಟ್ಟಲಿಲ್ಲ, ತೊಟ್ಟುಕೊಂಡಳು ಅಷ್ಟೆ.

ಈಗ ಜಾಕೆಟ್ಟಿನ ಸ್ವಿಚ್ ಆರಿಸಿ, ಅದನ್ನು ಗೂಟಕ್ಕೆ ನೇತುಹಾಕಿ, ವಿಜ್ಞಾನದ ಪುಸ್ತಕ ತೆರೆದು ಕೂತಳು. ಅದೇ ಎಡವಟ್ಟಾಯಿತು.

“ರಜಾ ದಿನ ಪುಸ್ತಕ! ಜ್ವರ ಗಿರ ಬಂದಿದೆಯೇನೇ?” ಎಂದಳು ಚಿಕ್ಕಮ್ಮ, ತಲೆ ಒರೆಸಿಕೊಳ್ಳುತ್ತ ಬಂದು.

“ನಾಳೆ ಟೆಸ್ಟ್ ಇದ್ರೂ ಇರಬಹುದು,” ಎಂದಳು ಮಿಡತೆ.

ಚಿಕ್ಕಮ್ಮ ಜಾಕೆಟ್ಟಿನ ಸ್ವಿಚ್ ಒತ್ತಿದಳು. ಸ್ಕ್ರೀನು ಕಪ್ಪಗೇ ಇತ್ತು. ಇನ್ನೊಂದು ಸಲ ಒತ್ತಿದಳು. “ಅಯ್ಯೋ, ನನ್ನ ವೈರಿಂಗೇ ಸರಿಯಿಲ್ಲ ಅನ್ಸುತ್ತೆ,” ಎಂದು ಕತ್ತರಿ ತಂದು ಹೊಲಿಗೆ ಬಿಚ್ಚತೊಡಗಿದಳು. ಸಾಲುಸಾಲಾಗಿ ಕೂರಿಸಿದ್ದ ತಂತಿಗಳು ಒಂದೊಂದಾಗಿ ಹೊರಬಂದವು.

ತಪ್ಪು ತಂತಿಯದಲ್ಲ ಎಂದು ಮಿಡತೆಗೆ ಗೊತ್ತು. ನಾಲ್ಕನೇ ತಂತಿಗೆ ಅವಳಿಂದ ತಡೆಯಲಾಗಲಿಲ್ಲ.

“ಚಿಕ್ಕಮ್ಮಾ, ಬಿಚ್ಚಬೇಡ. ಜಾಕೆಟ್ಟು... ಸ್ವಲ್ಪ ಜಿಗೀತು.”

“ತಾನಾಗೇ ಜಿಗೀತಾ?”

“ಒಳಗೆ ನಾನಿದ್ದೆ.”

“ಎಷ್ಟು ಸಲ?”

“ಎಂಬತ್ತೊಂಬತ್ತು. ಜಾಸ್ತಿ ಇಲ್ಲ.”

ಚಿಕ್ಕಮ್ಮನ ಮುಖ ಕೆಂಪೇರಿತು. ಆಮೇಲೆ ಬಿದ್ದ ಬೈಗುಳ ಪಕ್ಕದ ಮನೆಗೂ ಕೇಳಿಸಿತು. ಮಿಡತೆ ಉಗುರು ನೋಡುತ್ತ ನಿಂತಳು.

ಸಿಟ್ಟು ಇಳಿದ ಮೇಲೆ ಚಿಕ್ಕಮ್ಮ ಬೆನ್ನಿನ ಜೇಬಿನಿಂದ ಚಪ್ಪಟೆ ಡಬ್ಬಿಯೊಂದನ್ನು ತೆಗೆದಳು. “ಇದು ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ಗಿರಗಿರ ಸುತ್ತುತ್ತೆ. ಅದಕ್ಕೆ ತಾಗದ ಹಾಗೆ ಒಂದು ಮುಳ್ಳು ಓಡಾಡುತ್ತೆ. ನೀನು ಕುಣಿದಾಗ ಮುಳ್ಳು ತಟ್ಟೇನ ಗೀರಿದೆ.”

“ಇನ್ನೊಂದು ಹಾಕಿದ್ರೆ?”

“ಅದೂ ಹೋಗುತ್ತೆ. ಗೋದಾಮಿನಲ್ಲಿ ಜನ ಮೆಟ್ಟಿಲು ಹತ್ತಿ ಇಳೀತಾರೆ, ಓಡ್ತಾರೆ. ನಾನೋ, ತುಂಬಿದ ಕೊಡ ಹೊತ್ತವಳ ಹಾಗೆ ಮೆಲ್ಲಗೆ ನಡೆದು ನೋಡಿದೆ. ಬುದ್ಧಿ ಎಲ್ಲಿಟ್ಟಿದ್ನೋ!” ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಮೆಮೊರಿ ಕಾರ್ಡ್ ಬೇಕಿತ್ತು. ಅದರಲ್ಲಿ ಸುತ್ತೋದು, ಅಲ್ಲಾಡೋದು ಏನೂ ಇರಲ್ಲ. ಪ್ರೋಗ್ರಾಮಿನ ಕಾಪಿ ನನ್ನ ದೊಡ್ಡ ಕಂಪ್ಯೂಟರಿನಲ್ಲಿದೆ. ಆದ್ರೆ ಇವತ್ತು ಅಂಗಡಿಗಳೆಲ್ಲ ಮುಚ್ಚಿವೆ.”

ಮನೆಯಲ್ಲಿ ಒಂದೇ ಒಂದು ಮೆಮೊರಿ ಕಾರ್ಡ್ ಇತ್ತು. ಅದು ಮಿಡತೆಯ ವಿಡಿಯೋ ಗೇಮಿನಲ್ಲಿತ್ತು. ಏಳು ತಿಂಗಳು ಆಡಿ ಗೆದ್ದ ನಲವತ್ತೊಂದು ಲೆವೆಲ್ಲುಗಳು ಅದರೊಳಗಿದ್ದವು. ಇನ್ನೊಂದು ಗೆದ್ದರೆ ಅವಳೇ ಕ್ಲಾಸಿಗೆ ಫಸ್ಟು.

ಮಿಡತೆ ಕೋಣೆಗೆ ಹೋದಳು. ಬರಿಗೈಯಲ್ಲಿ ಬಂದಳು. ಮತ್ತೆ ಹೋದಳು. ಈ ಸಲ ಉಗುರಿನಷ್ಟು ಚಿಕ್ಕ ಕಾರ್ಡನ್ನು ತಂದು ಮೇಜಿನ ಮೇಲಿಟ್ಟಳು.

“ಇದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ ಕಣೇ. ಏನಿದೆ?”

“ಏನೋ ಗೇಮು,” ಎಂದಳು ಮಿಡತೆ.

ಕಾರ್ಡ್ ಹಾಕಿದ ಕೂಡಲೇ, ಎಲ್ಲ ಅಳಿಸಲೇ ಎಂದು ದೊಡ್ಡ ಕಂಪ್ಯೂಟರ್ ಕೇಳಿತು. ಚಿಕ್ಕಮ್ಮ ಕೈ ಚಾಚುವಷ್ಟರಲ್ಲಿ “ನಾನೇ ಒತ್ತುತೀನಿ” ಎಂದು ಮಿಡತೆ ಒತ್ತಿಬಿಟ್ಟಳು. ಏಳು ತಿಂಗಳು ಒಂದೇ ನಿಮಿಷದಲ್ಲಿ ಹೋಯಿತು. ಅದರ ಜಾಗದಲ್ಲಿ ಜಾಕೆಟ್ಟಿನ ಪ್ರೋಗ್ರಾಮು ಬಂದು ಕೂತಿತು.

ಪಕ್ಕದಲ್ಲಿ ಚಿಕ್ಕಮ್ಮ ಬಿಚ್ಚಿದ್ದನ್ನು ಮತ್ತೆ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೊದಲ ತಂತಿಯಿಂದ ಶುರು. ಈಗ ಅವಳು ಬೈಯಲೂ ಇಲ್ಲ, ಗೊಣಗಲೂ ಇಲ್ಲ. ಮಿಡತೆ ಅವಳಿಗೆ ಒತ್ತಿಕೊಂಡು ಕೂತು, ಜಾಕೆಟ್ಟಿನ ಅಂಚನ್ನು ಅಲುಗದ ಹಾಗೆ ಹಿಡಿದುಕೊಂಡಳು. ಕೊನೆಯ ಹೊಲಿಗೆ ಬೀಳುವವರೆಗೂ ಅಲ್ಲಿಂದ ಏಳಲಿಲ್ಲ.