ಗಾಜಿನ ಮೇಲಿನ ರೇಷ್ಮೆ ಎಳೆ

"ದಾರಿ ಬಿಡ್ರೀ. ಗುರುತಿನ ಕಾರ್ಡ್ ವಾಪಸ್ ಕೊಟ್ಟು ಹೋಗ್ಬೇಕು."

"ಬಿಡಲ್ಲ. ಮೊದಲು ನನ್ನ ಜೊತೆ ಮಾತಾಡಿ."

ಶಿಫ್ಟ್ ಮುಗಿಸಿ ಹೊರಬರುತ್ತಿದ್ದ ಜನರ ನಡುವೆ, ಫ್ಯಾಕ್ಟರಿ ಆಫೀಸಿನ ಬಾಗಿಲಲ್ಲಿ ಸಂಘಮಿತ್ರ ಮುನೇಶನಿಗೆ ಅಡ್ಡ ನಿಂತಿದ್ದಳು. ಹೀಗೆ ಯಾರಿಗೂ ಅಡ್ಡ ನಿಂತವಳಲ್ಲ ಅವಳು. ಇವನು ಇವತ್ತು ಕೆಲಸ ಬಿಟ್ಟುಹೋದರೆ ಮತ್ತೆ ಸಿಗುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಚಿಕ್ಕಬಳ್ಳಾಪುರದ ಹೊರಗಿನ ಆ ಫ್ಯಾಕ್ಟರಿಯಲ್ಲಿ ಗಾಜಿನ ಮೇಲೆ ಕೂದಲಿಗಿಂತ ತೆಳುವಾದ ಪದರ ಕೂರಿಸಿ ಸೋಲಾರ್ ಪ್ಯಾನಲ್ ಮಾಡುತ್ತಿದ್ದರು. ಗಾಜನ್ನು ಯಂತ್ರದೊಳಗೆ ಇಡುವವನು ಮುನೇಶ್. ಹೊರಬಂದ ಗಾಜನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವವಳು ಸಂಘಮಿತ್ರ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಪ್ಯಾನಲ್ ದಂಡ.

ಹೋದ ತಿಂಗಳು ಒಂದರ ಹಿಂದೆ ಒಂದು ಗಾಜು ಹಾಳಾಗತೊಡಗಿತು. ಪದರದ ತುಂಬ ಸಣ್ಣ ಸಣ್ಣ ತೂತು. ಮ್ಯಾನೇಜರ್ ರಮೇಶ್‌ಬಾಬು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದರು. ಸಂಘಮಿತ್ರ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಕಂಡದ್ದು ಧೂಳಲ್ಲ... ರೇಷ್ಮೆ ಎಳೆಯ ಚೂರು.

ಶಿಡ್ಲಘಟ್ಟದ ಮನೆಯಲ್ಲಿ ಅಮ್ಮನ ಜೊತೆ ಕೂತು, ಗೂಡಿನಿಂದ ನೂಲು ಬಿಚ್ಚಿಕೊಟ್ಟೇ ಕೆಲಸಕ್ಕೆ ಬರುತ್ತೇನೆಂದು ಮುನೇಶನೇ ಒಮ್ಮೆ ಟೀ ಕುಡಿಯುವಾಗ ಹೇಳಿದ್ದ. ಅವಳೊಬ್ಬಳಿಗೇ.

ರಿಪೋರ್ಟಿನಲ್ಲಿ ಅವಳು 'ರೇಷ್ಮೆ' ಎಂದಷ್ಟೇ ಬರೆದಳು. ಹೆಸರು ಬರೆಯಲಿಲ್ಲ. ಆದರೆ ರಮೇಶ್‌ಬಾಬು ಎಲ್ಲರನ್ನೂ ನಿಲ್ಲಿಸಿ, "ಯಾರಪ್ಪಾ ಇಲ್ಲಿ ಮನೇಲಿ ರೇಷ್ಮೆ ಕೆಲಸ ಮಾಡೋರು?" ಎಂದಾಗ ಮುನೇಶ್ ತಾನೇ ಕೈ ಎತ್ತಿದ. ಮಾರನೆಯ ದಿನ ಅವನನ್ನು ಲಾರಿಗೆ ಪ್ಯಾನಲ್ ತುಂಬುವ ಕೆಲಸಕ್ಕೆ ಹಾಕಿದರು.

ಅಂದಿನಿಂದ ಮಾತಿಲ್ಲ. ಅವಳ ಮೆಸೇಜ್ ಓದುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಅವಳು ಕೂತರೆ ಎದ್ದುಹೋಗುತ್ತಿದ್ದ.

'ಬರೆದದ್ದು ತಪ್ಪಾ? ಬರೆಯದೇ ಇದ್ದಿದ್ದರೆ ಅದು ತಪ್ಪಲ್ಲವಾ?' ಯೋಚಿಸಿ ಯೋಚಿಸಿ ಅವಳಿಗೆ ತನ್ನ ಮೇಲೇ ಬೇಜಾರು ಬಂದಿತ್ತು.

ಇವತ್ತು ಊಟದ ಹೊತ್ತಿಗೆ ಗೆಳತಿ ಹರಿಣಿ ಹೇಳಿದ್ದಳು, "ನಿನ್ನ ಮುನೇಶಪ್ಪ ಕೆಲಸ ಬಿಡ್ತಾನಂತೆ ಕಣೇ. ಚಿಂತಾಮಣೀಲಿ ಯಾವುದೋ ಅಂಗಡಿ ಸೇರ್ಕೋತಾನಂತೆ. ನೀನು ಇನ್ನೂ ಯೋಚನೆ ಮಾಡ್ತಾ ಕೂತಿರಮ್ಮ."

ಈಗ ಅವನು ಎದುರಿಗೇ ಇದ್ದ, ಮುಖ ಗಂಟಿಕ್ಕಿಕೊಂಡು.

"ಲಾರಿ ತುಂಬೋಕೆ ಹಾಕಿದ್ರು ಅಂತ ತಾನೇ ಕೋಪ?"

"ಗೂಡಿನ ಮೂಟೆ ಹೊತ್ತು ಬೆಳೆದವನು ನಾನು. ಅದಕ್ಕೆಲ್ಲ ಕೋಪ ಬರಲ್ಲ."

"ಮತ್ತೆ ನಾನು ಬರೆದಿದ್ದು ಸುಳ್ಳಾ?"

"ಸುಳ್ಳು ಅಂತ ಯಾರಂದ್ರು? ಎಳೆ ನನ್ನ ಮೈಮೇಲಿಂದಾನೇ ಬಂದಿದ್ದು." ಅವನ ದನಿ ಒರಟಾಯಿತು. "ಬರೆಯೋಕೆ ಮುಂಚೆ ನಂಗೊಂದು ಮಾತು ಹೇಳ್ಬೋದಿತ್ತಲ್ಲ? ಅಷ್ಟು ಜನರ ಮುಂದೆ ನಾನು ತಿಳ್ಕೋಬೇಕಿತ್ತಾ?"

ಸಂಘಮಿತ್ರ ತಲೆ ತಗ್ಗಿಸಿದಳು. ಹೇಳಲೇ... ಬೇಡವೇ...

"ಹೇಳಿದ್ರೆ ಬರೆಯೋಕಾಗ್ತಿರ್ಲಿಲ್ಲ ಮುನೇಶ್. ನಿಮ್ಮ ಮುಖ ನೋಡಿದ್ಮೇಲೆ ಬರೀ ಧೂಳು ಅಂತ ಬರೆದುಬಿಡ್ತಿದ್ದೆ."

ಅವನು ಮೆಲ್ಲಗೆ ಕೇಳಿದ, "ಬೇರೆ ಯಾರದ್ದೋ ಎಳೆ ಆಗಿದ್ದಿದ್ರೆ?"

"ಮೊದಲು ಅವರಿಗೇ ಹೇಳ್ತಿದ್ದೆ."

ಅಂದ ಮೇಲೆಯೇ ತಾನೇನು ಅಂದೆ ಎಂದು ಅವಳಿಗೆ ಹೊಳೆದದ್ದು. ಮುಖ ಬಿಸಿಯಾಯಿತು. ಮುನೇಶ್ ಅವಳನ್ನೇ ನೋಡುತ್ತ ನಿಂತ. ಹುಬ್ಬಿನ ಗಂಟು ಸಡಿಲವಾಗಿತ್ತು.

"ಇದನ್ನ ಮೆಸೇಜಲ್ಲಿ ಹಾಕೋಕೆ ಏನಾಗಿತ್ತು? ಬರೀ ಕ್ಷಮಿಸಿ, ಕ್ಷಮಿಸಿ ಅಂತಿದ್ರಿ."

"ಧೈರ್ಯ ಬರ್ಲಿಲ್ಲ."

"ಈಗ ಅಮ್ಮನಿಗೆ ಏನು ಹೇಳ್ಲಿ? ಕೆಲಸ ಬಿಟ್ಟು ಬರ್ತೀನಿ ಅಂತ ಹೇಳಿ ಬಂದಿದೀನಿ."

"ಬಿಡಲಿಲ್ಲ ಅಂತ ಹೇಳಿ."

"ಯಾಕೆ ಅಂತ ಕೇಳಿದ್ರೆ, ಮಿತ್ರಾ?"

ಮೊದಲ ಸಲ ಅವಳು ಹಿಂದೆಮುಂದೆ ನೋಡಲಿಲ್ಲ.

"ನನ್ನ ಹೆಸರು ಹೇಳಿ."