ಗಂಟು ನುಂಗಿದ ಮುತ್ತು

ಮುತ್ತಿನ ಅಂಗಡಿಯ ಯಜಮಾನ ಸರದ ಒಂದು ಮುತ್ತನ್ನು ಹಲ್ಲಿಗೆ ಉಜ್ಜಿದ. ಅದು ಜಾರಿತು. ಅಸಲಿ ಮುತ್ತಾಗಿದ್ದರೆ ಸಣ್ಣ ಮರಳಿನಂತೆ ತರಿತರಿ ಎನ್ನಬೇಕಿತ್ತು. ಒಂದೊಂದನ್ನೇ ಉಜ್ಜಿ ನೋಡಿದಾಗ ಇನ್ನೆರಡು ಮುತ್ತೂ ಜಾರಿದವು.

"ಬಾಗಿಲು ಹಾಕು," ಎಂದ ಭಾವಮೈದುನನಿಗೆ.

ಆ ಅಂಗಡಿಯಲ್ಲಿ ಅದು ಹಳೆಯ ನಿಯಮ. ಒಂದು ಮುತ್ತು ಉರುಳಿಹೋದರೂ ಬಾಗಿಲು ಹಾಕಬೇಕು. ಅದು ಸಿಗುವವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಮುತ್ತು ಪೋಣಿಸುವ ಅಕ್ಕ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಸಲ ಹಾಗೆ ನಗುನಗುತ್ತ ನೆಲ ತಡವಿದ್ದಳು. ಇವತ್ತು ಬೀಗದ ಸದ್ದಿಗೆ ಅವಳು ಸೂಜಿ ಕೆಳಗಿಟ್ಟಳು.

ಅವಳ ಜಾಗ ಗೋಡೆಗೂ ಉದ್ದನೆಯ ಮೇಜಿಗೂ ನಡುವೆ. ಎದುರಿನವರು ಎದ್ದು ಮೇಜು ಸರಿಸಿದರಷ್ಟೇ ಹೊರಗೆ ಬರಬಹುದು. ಯಾರೂ ಏಳಲಿಲ್ಲ.

"ನಿನ್ನೆ ಸಂಜೆ ಪೋಣಿಸಿದ್ದು ನೀನು. ಮುತ್ತು ಬದಲಾಯಿಸಬೇಕಂದ್ರೆ ದಾರ ಕತ್ತರಿಸಿ ಮತ್ತೆ ಪೋಣಿಸ್ಬೇಕು. ಇಲ್ಲಿ ಗಂಟು ಹಾಕೋಕೆ ಬರೋದು ನಿನಗೊಬ್ಬಳಿಗೇ." ಯಜಮಾನ ತಡೆದು ಹೇಳಿದ, "ಕಳ್ಳಿ."

ಇಷ್ಟು ವರ್ಷ ಅವಳನ್ನು 'ಅಕ್ಕ', 'ನೀವು' ಎಂದಷ್ಟೇ ಕರೆದು ಗೊತ್ತಿದ್ದ ಬಾಯಿ ಅದು.

*

ಇನ್ಸ್‌ಪೆಕ್ಟರ್ ಒಳಗೆ ಬಂದ ಮೇಲೆ ಮತ್ತೆ ಬೀಗ ಬಿತ್ತು. ಅವಳ ಚೀಲದಲ್ಲಿ ಒಂದು ಹಿಡಿ ಬಿಳಿ ಮಣಿ ಸಿಕ್ಕವು.

"ಇದೇನು?"

"ಮಗಳ ಕೈಸರ ಕಿತ್ತುಹೋಗಿತ್ತು. ಪೋಣಿಸೋಕೆ ತಂದೆ. ಪ್ಲಾಸ್ಟಿಕ್."

"ಸರದಲ್ಲಿರೋದೂ ನಕಲೀನೇ," ಎಂದ ಇನ್ಸ್‌ಪೆಕ್ಟರ್.

"ಮನೇಲೇ ಅಭ್ಯಾಸ ಅನ್ಸುತ್ತೆ ಸಾರ್," ಎಂದ ಭಾವಮೈದುನ. ಓಲೆಗೆ ಮುತ್ತು ಕೂರಿಸುವುದು ಅವನ ಕೆಲಸ. ಬೆಳಿಗ್ಗೆ ಏಳಕ್ಕೆ ಅಂಗಡಿ ತೆಗೆಯುವವನೂ ಅವನೇ. "ನಂಗಂತೂ ಸೂಜಿಗೆ ದಾರ ಹಾಕೋಕೂ ಬರಲ್ಲ," ಎಂದೂ ಸೇರಿಸಿದ, ಯಾರೂ ಕೇಳಿರಲಿಲ್ಲ.

ಹಿಂದೆ ಗೋಡೆ, ಪಕ್ಕದಲ್ಲಿ ಸರಳಿನ ಕಿಟಕಿ. ಒಮ್ಮೆ ಠಾಣೆಗೆ ಹೋದರೆ ಮುಂದೆ ಯಾವ ಅಂಗಡಿಯವರೂ ಅವಳ ಕೈಗೆ ಮುತ್ತು ಕೊಡುವುದಿಲ್ಲ. ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಸಾರ್, ಕರ್ಕೊಂಡು ಹೋಗೋಕೆ ಮುಂಚೆ ಆ ಸರ ಒಂದ್ಸಲ ತೋರಿಸಿ. ನೀವೇ ಹಿಡ್ಕೊಳ್ಳಿ, ನಾನು ಮುಟ್ಟಲ್ಲ."

*

ಅವಳು ಬಗ್ಗಿ ನೋಡಿದಳು. ಎರಡೆರಡು ಮುತ್ತಿನ ನಡುವೆ ಒಂದೊಂದು ಗಂಟು ಕಾಣಬೇಕು; ಸರದ ನಡುವೆ ಒಂದು ಕಡೆ ಮುತ್ತಿಗೆ ಮುತ್ತು ತಾಗಿತ್ತು.

"ಇಲ್ಲಿ ಗಂಟು ಹಾಕಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದ.

"ಹಾಕಿದ್ದಾರೆ. ಮುತ್ತು ನುಂಗಿದೆ. ತೂತು ದೊಡ್ಡದು, ಗಂಟು ಒಳಗೆ ಹೋಗಿದೆ." ಅವಳ ದನಿ ಗಟ್ಟಿಯಾಯಿತು. "ಕೊಕ್ಕೆ ಪಕ್ಕದ ಮೂರು ಮುತ್ತಲ್ಲಿ ದಾರ ಹೋಗಿ ವಾಪಸ್ ಬರ್ಬೇಕು. ಅದಕ್ಕೆ ಎರಡೂ ತುದೀಲಿ ಮೂರು ಮೂರರ ತೂತು ಮಾತ್ರ ಅರ ಹಾಕಿ ದೊಡ್ಡದು ಮಾಡಿದ್ದೆ. ಎಲ್ಲಾ ಒಂದೇ ಗಾತ್ರದವು. ಬಿಚ್ಚಿ ತಟ್ಟೆಗೆ ಸುರಿದವರಿಗೆ ಯಾವುದು ತುದೀದು ಅಂತ ಗೊತ್ತಾಗಿಲ್ಲ. ನಾನಾಗಿದ್ರೆ ಕಣ್ಣು ಮುಚ್ಕೊಂಡು ಹೇಳ್ತಿದ್ದೆ."

"ಹಾಗಾದ್ರೆ ಈಗ ತುದೀಲಿರೋದು?"

"ಸಣ್ಣ ತೂತಿಂದು. ದಾರ ವಾಪಸ್ ಬರಲ್ಲ. ಮತ್ತೆ ಹೇಗೆ ನಿಂತಿದೆ? ಚಿವುಟಿ ನೋಡಿ."

ಕೊಕ್ಕೆಯ ಬಳಿ ರೇಷ್ಮೆ ದಾರ ಕಡ್ಡಿಯ ಹಾಗಿತ್ತು.

"ಅಂಟು," ಎಂದ ಇನ್ಸ್‌ಪೆಕ್ಟರ್.

"ಪೋಣಿಸೋ ಕೈ ಅಂಟು ಮುಟ್ಟಲ್ಲ ಸಾರ್. ಅದು ಓಲೆ ಕೆಲಸಕ್ಕೆ ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಭಾವಮೈದುನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಓಲೆ ಮುತ್ತಿಗೆ ಒಂದೇ ಕಡೆ ತೂತು. ಅವನ ತಟ್ಟೇಲಿ ಎರಡೂ ಕಡೆ ತೂತಿರೋದು ಹುಡುಕಿ."

ಮೂರು ಸಿಕ್ಕವು.

"ಎರಡು ವರ್ಷ ಎದುರಿಗೆ ಕೂತು ನನ್ನ ಕೈ ನೋಡಿದ್ದೀಯ. ಗಂಟು ಚೆನ್ನಾಗೇ ಕಲಿತಿದ್ದೀಯ," ಎಂದಳು ಅವನಿಗೆ. "ತೂತು ನೋಡಿಲ್ಲ."

ಯಜಮಾನ ತಲೆ ತಗ್ಗಿಸಿದ. "ಅಕ್ಕ, ಬಾಯ್ತಪ್ಪಿ ಬಂತು. ನಾಳೆ ಎಂದಿನ ಹಾಗೆ ಬನ್ನಿ."

ಅವಳು ಸೂಜಿ, ಅರ, ದಾರದ ಉಂಡೆ, ಮಗಳ ಮಣಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿಮ್ಮ ಮುತ್ತು ಸಿಕ್ತಲ್ಲ, ಬಾಗಿಲು ತೆಗೀರಿ."

ಯಜಮಾನನೇ ಎದ್ದು ಮೇಜು ಸರಿಸಿದ.