ಹಂಸದ ಕೋಣೆ

ತನ್ನ ಷಡ್ಡಕನನ್ನು ಮುಖ್ಯಸ್ಥನನ್ನಾಗಿ ಮಾಡಿದ ದಿನ ಅವನು ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಹೆಂಡತಿಯ ತಂಗಿಯ ಗಂಡನೆಂದು ಕರೆತಂದು ಈ ಕೆಲಸಕ್ಕೆ ಸೇರಿಸಿದವನೂ ಅವನೇ, ಹಾವಿಗೆ ಹಾಲೆರೆದಂತಾಯಿತು. ಷಡ್ಡಕನೋ, ಯಂತ್ರ ಕೈಕೊಟ್ಟರೆ ಆರಿಸಿ ಮತ್ತೆ ಹಾಕುವಷ್ಟು ಧೈರ್ಯವೂ ಇಲ್ಲದೆ, ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಕೂತು ನೋಡುವ ಆಸಾಮಿ. ಇನ್ನು ಅಂಥವನ ಕೈಕೆಳಗೆ ದುಡಿಯಬೇಕು. ಮನೆಯಲ್ಲಿ ಹೆಂಡತಿ ಬೇರೆ, "ಸದ್ಯ, ನಮ್ಮವರಿಗೇ ಸಿಕ್ತಲ್ಲ ಬಿಡಿ" ಅಂದಳು. ಅವನಿಗೆ ಮೈಯೆಲ್ಲ ಉರಿಯಿತು.

ಅವರ ಕಂಪನಿ ಮಾಡುತ್ತಿದ್ದುದು ರೋಗಿಯ ಹಾಸಿಗೆಯ ಪಕ್ಕ ನಿಂತು ನಾಡಿ ತೋರಿಸುವ ಯಂತ್ರ. ಅದನ್ನು ಎಬ್ಬಿಸುವ ಫರ್ಮ್‌ವೇರ್ ಅವನದು. ಎದ್ದ ಮೇಲೆ ನಡೆಸುವ ಆಪರೇಟಿಂಗ್ ಸಿಸ್ಟಮ್ ಷಡ್ಡಕನದು. ಮೆಮೊರಿಯನ್ನು ಕೋಣೆಗಳಾಗಿ ಹಂಚಿ, ಒಂದೊಂದಕ್ಕೂ ಚೀಟಿ ಅಂಟಿಸಿ ಒಪ್ಪಿಸುವುದು ಫರ್ಮ್‌ವೇರಿನ ಕೆಲಸ. 'ಖಾಲಿ ಮಾಡಿದ್ದೇನೆ, ಬಳಸಿಕೋ' ಎಂದಿದ್ದರೆ ಸಿಸ್ಟಮ್ ಒಳನುಗ್ಗಿ ಹಳೆಯದನ್ನೆಲ್ಲ ಅಳಿಸಿ ತನ್ನ ಸಾಮಾನು ತುಂಬುತ್ತದೆ. 'ಮುಟ್ಟಬೇಡ' ಎಂದಿದ್ದರೆ ನೋಡಬಹುದಷ್ಟೆ, ಕದಲಿಸುವಂತಿಲ್ಲ. ಈ ಚೀಟಿಯ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇಂಥ ತಲೆಗೆ ಮಾಲೀಕರು ಈಚೆಗೆ ಕೊಟ್ಟ ಘನಕಾರ್ಯವೆಂದರೆ, ಯಂತ್ರ ಏಳುವಾಗ ಮೂಡುವ ಕಂಪನಿಯ ಹಂಸದ ಚಿತ್ರ ಅರ್ಧಕ್ಕೇ ಹರಿದುಹೋಗದಂತೆ ನೋಡಿಕೊಳ್ಳುವುದು. ಅಜ್ಜಿಗೆ ಅರಿವೆ ಚಿಂತೆ, ಮಾಲೀಕರಿಗೆ ಹಂಸದ ಚಿಂತೆ. ಒಂದೇ ಸಾಲು ಬದಲಿಸಿ, ಕೈ ಕೊಡವಿಕೊಂಡು ಎದ್ದಿದ್ದ.

ದೊಡ್ಡ ಆಸ್ಪತ್ರೆಯ ವೈದ್ಯರ ಮುಂದೆ ಯಂತ್ರದ ಪ್ರದರ್ಶನವಿತ್ತು. ಅಲ್ಲಿ ಷಡ್ಡಕನ ಮಾನ ಕಳೆಯಲು ಅವನು ಹೂಡಿದ್ದು ಇಷ್ಟೆ: ಯಂತ್ರ ಏಳುವ ಹೊತ್ತಿಗೆ ಅವನ ಪುಟ್ಟ ಪ್ರೋಗ್ರಾಮೊಂದು ಒಳಗೆ ನುಸುಳಿ, ತುಸು ಹೊತ್ತಿನ ಮೇಲೆ ನಾಡಿಯ ಗೆರೆಯನ್ನು ಮಲಗಿಸಿಬಿಡಬೇಕು. ನಡೆಸುವ ಸಿಸ್ಟಮ್ ಷಡ್ಡಕನದಾದ್ದರಿಂದ ಉಗಿಸಿಕೊಳ್ಳುವವನೂ ಅವನೇ. ಯಾರ ಸಹಿಯಿರುವ ಪ್ರೋಗ್ರಾಮನ್ನು ಒಳಬಿಟ್ಟೆ ಎಂದು ಫರ್ಮ್‌ವೇರ್ ಬರೆದಿಟ್ಟುಕೊಳ್ಳುತ್ತದೆ, ನಿಜ; ಸಹಿ ತನ್ನದೇ, ಅದೂ ನಿಜ. ಆದರೆ ಆ ದಾಖಲೆಯಿರುವುದು 'ಬಳಸಿಕೋ' ಎಂದು ಬಿಟ್ಟುಕೊಡುವ ಕೋಣೆಯಲ್ಲಿ. ಷಡ್ಡಕನ ಸಿಸ್ಟಮೇ ಬಂದು ಅದನ್ನು ಗುಡಿಸಿ ಸಾರಿಸುತ್ತದೆ. ಕಳ್ಳನ ಹೆಜ್ಜೆಯನ್ನು ಮನೆಯವನ ಕೈಯಲ್ಲೇ ಒರೆಸುವ ಈ ಉಪಾಯಕ್ಕೆ ಅವನು ತನಗೆ ತಾನೇ ತಲೆದೂಗಿದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಹಿರಿಯ ವೈದ್ಯರು ತಮ್ಮ ಬೆರಳನ್ನೇ ಯಂತ್ರಕ್ಕೆ ಕೊಟ್ಟು ಕೂತರು. ಗೆರೆ ಕುಣಿಯಿತು, ಕುಣಿಯಿತು, ಮಲಗಿತು.

"ಹಾಗಾದ್ರೆ ನಾನು ಹೋದೆ ಅನ್ನಿ" ಅಂದರು ವೈದ್ಯರು. ಯಾರೂ ನಗಲಿಲ್ಲ. ಮಾಲೀಕರ ಮುಖ ಕಪ್ಪಿಟ್ಟಿತು.

"ಆರಿಸಿ ಮತ್ತೆ ಹಾಕೋ" ಅಂದ ಅವನು, ಧಾರಾಳವಾಗಿ.

"ಬೇಡ ಭಾವ, ಹಾಗೇ ಇರ್ಲಿ" ಎಂದು ಷಡ್ಡಕ ಕೀಬೋರ್ಡ್ ಎಳೆದುಕೊಂಡು ಕೂತ.

ಅವನಿಗೆ ನಗು ಬಂತು. ಆರಿಸಿದರೆ ಮೆಮೊರಿಯಲ್ಲಿರುವುದೆಲ್ಲ ಹೋಗುತ್ತದೆ. ಆರಿಸದಿದ್ದರೂ ಅಲ್ಲೇನಿದೆ, ಮಣ್ಣು? ಹುಡುಕಲಿ, ಗುಡಿಸಿದ ಕೋಣೆಯಲ್ಲಿ ಹುಡುಕಲಿ.

ಷಡ್ಡಕ ಬಹಳ ಹೊತ್ತು ಪರದೆ ನೋಡಿದ. ಆಮೇಲೆ ಅದನ್ನು ಮಾಲೀಕರ ಕಡೆಗೆ ತಿರುಗಿಸಿ, ಗೆದ್ದ ಸುಳಿವೂ ಇಲ್ಲದ ದನಿಯಲ್ಲಿ, "ಭಾವ, ಇಲ್ಲಿ ನಿಮ್ಮ ಸಹಿ ಇದೆಯಲ್ಲ" ಅಂದ. ಇರಲು ಸಾಧ್ಯವಿಲ್ಲವೆಂದು ಅವನು ಬಗ್ಗಿ ನೋಡಿದ. ದಾಖಲೆ ಒಂದಕ್ಷರವೂ ಕದಲದೆ ಕೂತಿತ್ತು, ಅದರ ಪಕ್ಕದಲ್ಲೇ ಹಂಸವೂ ಕೂತಿತ್ತು. ಎರಡೂ ಮೊದಲಿಂದ ಇದ್ದದ್ದು ಒಂದೇ ಕೋಣೆಯಲ್ಲಿ. ಒಂದು ಯಃಕಶ್ಚಿತ್ ಚಿತ್ರಕ್ಕೆ ಬೇರೆ ಕೋಣೆ ಯಾರು ಕಟ್ಟುತ್ತಾರೆಂದು, ಹಂಸ ಹರಿಯದಿರಲೆಂದು ಅಂದು ಆ ಇಡೀ ಕೋಣೆಗೇ 'ಮುಟ್ಟಬೇಡ' ಎಂಬ ಚೀಟಿ ಅಂಟಿಸಿದ್ದವನು ಅವನೇ.